ಹುಡುಕಿದರೆ ಸಿಗದ ಮಾಸ್ತಿ

ಮಾಸ್ತಿಯವರ ಊರು ಇರುವುದು ಮಾಲೂರು ತಾಲ್ಲೂಕಿನಲ್ಲೇ. ಅದೇ ತಾಲ್ಲೂಕಿನ ಪದವಿ ಕಾಲೇಜಿನ ಗ್ರಂಥಪಾಲಕನಾಗಿ ನಾನು ಮಾಸ್ತಿಯವರನ್ನೇ ಕಳೆದುಹಾಕಿದೆ.

2017ರಲ್ಲಿ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾಗಿ, ನಮ್ಮ ಭಾಗದ ಕಾಲೇಜುಗಳು ಅದರಡಿ ಬಂದವು. ಅದಾದ ಮೇಲೆ ಒಂದು ವರ್ಷ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿತ್ತು. ಲೈಬ್ರರಿ ಕಂಪ್ಯೂಟರೀಕರಣ ಆಗಿದೆಯೇ ಎಂದು ಕೇಳಿದರೆ ಹೌದು ಅನ್ನಬೇಕಲ್ಲ! ಹಿಂದಿನವರು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟಿದ್ದ ಪುಸ್ತಕಪಟ್ಟಿಯನ್ನು ಅವಸರದಲ್ಲಿ ಕೋಹಾ ತಂತ್ರಾಂಶಕ್ಕೆ ಏರಿಸಿದೆ. ಇಂಗ್ಲಿಷ್ ಪುಸ್ತಕಗಳನ್ನು ಹುಡುಕಿ ನೋಡಿದೆ, ಸಿಕ್ಕವು. ತಂಡಕ್ಕೂ ಅವನ್ನೇ ತೋರಿಸಿದೆ. ಹಳೆಯ ಪುಸ್ತಕಸೂಚಿ ಕಾರ್ಡುಗಳ ಮರದ ಬೀರು ಜಾಗ ತಿನ್ನುತ್ತದೆಂದು, ಕಾರ್ಡುಗಳ ಸಮೇತ ಗುಜರಿಗೆ ಹಾಕಿಸಿದೆ.

ಶ್ರೀನಿವಾಸಪುರದ ಕಡೆಯ ಹಾಸ್ಟೆಲ್ ಹುಡುಗಿಯೊಬ್ಬಳು ಬಂದು, "ಸಾರ್, ಮಾಸ್ತಿಯವರ 'ಚಿಕವೀರ ರಾಜೇಂದ್ರ' ಇಲ್ಲ ಅಂತ ತೋರಿಸ್ತಿದೆ" ಅಂದಳು. ಅಟೆಂಡರ್ ಎದ್ದುಹೋಗಿ ಒಳಗಿನಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟ. ನನ್ನ ಮುಖ ನೋಡಲಿಲ್ಲ, ಪುಣ್ಯಾತ್ಮ. ಮುಳಬಾಗಿಲಿನ ಡಿವಿಜಿಯವರನ್ನು ಹುಡುಕಿದೆ. ಅವರೂ ಇಲ್ಲ! ಕನ್ನಡದ ಪಟ್ಟಿ ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ.

ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸುತ್ತವೆ. ಫಾಂಟು ತೆಗೆದರೆ ಕನ್ನಡವೂ ಹೋಯಿತು. ಕೋಹಾಕ್ಕೆ ಬೇಕಿದ್ದದ್ದು ಯುನಿಕೋಡ್. ಪರಿವರ್ತಕ ಹಾಕಿದೆನಾದರೂ ಅರ್ಕಾವೊತ್ತು ಕೈಕೊಟ್ಟಿತು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಕೂರಿಸುತ್ತಾರೆ, ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ನನಗೆ ಸಿಕ್ಕ ಪರಿವರ್ತಕಕ್ಕೆ ಆ ಅದಲುಬದಲು ಗೊತ್ತಿರಲಿಲ್ಲ. ಭೈರಪ್ಪನವರ 'ಪರ್ವ' 'ಪವರ್' ಆಗಿ ಕೂತಿತ್ತು. ಎಲೆಕ್ಟ್ರಿಕಲ್ ವಿಭಾಗಕ್ಕೆ ಕಳಿಸಬಹುದಿತ್ತು! ಕೊನೆಗೆ ಪುಸ್ತಕ ಕೈಲಿ ಹಿಡಿದು ಒಂದೊಂದಾಗಿ ತಿದ್ದಬೇಕಾಯಿತು.

ಇಷ್ಟೆಲ್ಲ ಬಯಲಾಗುವ ಮೊದಲು, ನ್ಯಾಕ್‌ನವರು ಬಂದ ದಿನ ನಾನು ಹೆಮ್ಮೆಯಿಂದ ಹೇಳಿದ್ದು ಎನ್‌-ಲಿಸ್ಟ್ ಬಗ್ಗೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಆ ಯೋಜನೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಇ-ನಿಯತಕಾಲಿಕಗಳು ಸಿಗುತ್ತಿದ್ದವು. ಹೆಚ್ಚಿನವು ಇಂಗ್ಲಿಷಿನವು. ಕನ್ನಡ ಐಚ್ಛಿಕದ ಹುಡುಗರಿಗೆ ಪಾಸ್‌ವರ್ಡ್ ಹಂಚಿ, ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಈಗ ಹೊಸ ಪುಸ್ತಕ ಬಂದರೆ ಅಟೆಂಡರ್ ತನ್ನ ಮೊಬೈಲಿನಲ್ಲಿ ಕನ್ನಡದಲ್ಲೇ ಹುಡುಕುತ್ತಾನೆ. ಅವನಿಗೆ ಸಿಕ್ಕರೆ ಮಾತ್ರ ಪುಸ್ತಕ ಬೀರುವಿಗೆ, ಇಲ್ಲದಿದ್ದರೆ ಮತ್ತೆ ನನ್ನ ಮೇಜಿಗೆ. ಹೆಸರುಗಳೇನೋ ಮರಳಿ ಬಂದವು. ಆದರೆ ಯಾವ ಸಂಕಲನದಲ್ಲಿ ಯಾವ ಕಥೆ ಇದೆಯೆಂದು ಹಿಂದಿನ ಗ್ರಂಥಪಾಲಕರು ಕಾರ್ಡುಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದು ಗುಜರಿಯವನ ಗಾಡಿ ಹತ್ತಿ ಹೋಗಿದೆ. ಯಾರಾದರೂ ಕಥೆಯ ಹೆಸರು ಹೇಳಿ ಪುಸ್ತಕ ಕೇಳಿದರೆ, ಪರಿವಿಡಿ ತಿರುವಿ ಹುಡುಕಿಕೊಡುವುದು ಈಗ ನನ್ನ ಪಾಲಿನ ಕೆಲಸ.