ಸತ್ತ ಹೊಳೆಯ ಗೋಡೆಯ ಮೇಲೆ ಅರ್ಧ ಮೈಲಿ ಚರಿತ್ರೆ

ಲಾಸ್ ಏಂಜಲೀಸಿಗೆ ಹೋದವರು ಹಾಲಿವುಡ್ ನೋಡದೆ ಬರುವುದಿಲ್ಲ. ಅದೇ ನಗರದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ, ತುಹುಂಗ ಹೊಳೆಯ ಕಾಂಕ್ರೀಟ್ ಗೋಡೆಯ ಮೇಲೆ 2,754 ಅಡಿ ಉದ್ದದ ವರ್ಣಚಿತ್ರವೊಂದಿದೆ. ಹೆಸರು 'ಗ್ರೇಟ್ ವಾಲ್ ಆಫ್ ಲಾಸ್ ಏಂಜಲೀಸ್'. ಚೀನಾದ ಮಹಾಗೋಡೆಯಂತೆ ಇದರ ಮೇಲೆ ಹತ್ತಿ ನಡೆಯುವಂತಿಲ್ಲ, ಚಿತ್ರವಿರುವುದು ಕಾಲುವೆಯೊಳಗೆ. ಎದುರು ದಂಡೆಯಲ್ಲಿ ನಡೆಯುತ್ತ ನೋಡಬೇಕು.

ಹೊಳೆಗೇಕೆ ಕಾಂಕ್ರೀಟು? ಪಕ್ಕದಲ್ಲೇ ಕಡಿದಾದ ಬೆಟ್ಟಗಳು. ಚಳಿಗಾಲದ ಜಡಿಮಳೆ ಕೆಲವೇ ತಾಸುಗಳಲ್ಲಿ ಊರೊಳಗೆ ನುಗ್ಗುತ್ತಿತ್ತು. 1938ರ ಪ್ರವಾಹದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ನೀರು ಎಲ್ಲೂ ನಿಲ್ಲದೆ ಸಮುದ್ರ ಸೇರಲೆಂದು ಹೊಳೆಗಳಿಗೆ ಕಾಂಕ್ರೀಟ್ ಬಳಿದರು. ಪ್ರವಾಹವೇನೋ ಹತೋಟಿಗೆ ಬಂತು. ಹೊಳೆ ಮಾತ್ರ ಚರಂಡಿಯಾಯಿತು.

1974ರಲ್ಲಿ ಈ ಜಾಗಕ್ಕೆ ಒಂದಿಷ್ಟು ಚೆಲುವು ತರಬೇಕೆಂದು ಸೇನೆಯ ಎಂಜಿನಿಯರುಗಳು ಜೂಡಿ ಬಾಕಾ ಎಂಬ ಕಲಾವಿದೆಯನ್ನು ಕೇಳಿದರು. ಬಾಕಾ ಮೆಕ್ಸಿಕನ್ ಮೂಲದ ಮನೆತನದವರು, 1946ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು. ಅವರ ಕಣ್ಣಿಗೆ ಆ ಕಾಂಕ್ರೀಟು ನೆಲದ ಮೈಮೇಲಿನ ಗಾಯದ ಗುರುತು. ಚಿತ್ರ ಅದರ ಮೇಲೆ ಹಾಕುವ ಹಚ್ಚೆ.

ಪಾಲಕರು ಗಮನಿಸಬೇಕಾದದ್ದು ಮುಂದಿನ ಸಂಗತಿ. 1976ರ ಬೇಸಿಗೆಯಲ್ಲಿ ಕುಂಚ ಹಿಡಿದ 80 ಹುಡುಗ ಹುಡುಗಿಯರು ಪೊಲೀಸು, ಕೋರ್ಟುಗಳ ದಾರಿ ಹಿಡಿದಿದ್ದವರು. ನ್ಯಾಯ ಇಲಾಖೆಯೇ ಕಳಿಸಿದ್ದವರು. ಜೊತೆಗೆ ಕಲಾವಿದರು, ಇತಿಹಾಸಕಾರರು. ಒಂದೇ ಬೇಸಿಗೆಯಲ್ಲಿ ಸಾವಿರ ಅಡಿ ಮುಗಿಯಿತು! ಐದು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ದುಡಿದರು. ಮಳೆಗಾಲದಲ್ಲಿ ಕಾಲುವೆಗೆ ಇಳಿಯುವುದು ಜೀವಕ್ಕೇ ಅಪಾಯ. ಕಾಗದದ ಮೇಲಿನ ಪುಟ್ಟ ಚಿತ್ರವನ್ನು ಹದಿಮೂರು ಅಡಿಗೂ ಎತ್ತರದ ಗೋಡೆಗೆ ಹಿಗ್ಗಿಸಲು ಅಳತೆ, ಅನುಪಾತಗಳ ಲೆಕ್ಕ ಬೇಕು. ಶಾಲೆಯಲ್ಲಿ ತಲೆಗೆ ಹತ್ತದ ಗಣಿತ ಇಲ್ಲಿ ಕೆಲವರಿಗಾದರೂ ಹತ್ತಿರಬೇಕು.

ಚಿತ್ರ ಆರಂಭವಾಗುವುದು ಇತಿಹಾಸಪೂರ್ವ ಕಾಲದ ಪ್ರಾಣಿಗಳಿಂದ. ಮುಂದೆ ಚುಮಾಶ್ ಮೂಲನಿವಾಸಿಗಳು, ರೈಲುಹಳಿ ಹಾಸಿದ ಚೀನೀ ಕೂಲಿಗಳು, ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನೀ ಅಮೆರಿಕನ್ನರು. 1930ರ ದಶಕದಲ್ಲಿ ಮೆಕ್ಸಿಕೊಗೆ ಅಟ್ಟಿದವರಲ್ಲಿ ಅಮೆರಿಕದ ಪ್ರಜೆಗಳೇ ಎಷ್ಟೋ ಮಂದಿ, ಅವರೂ ಇಲ್ಲಿದ್ದಾರೆ. ಪಠ್ಯಪುಸ್ತಕ ಮೌನವಾಗಿ ದಾಟಿಹೋದ ಪುಟಗಳಿವು. ಮನಸ್ಸು ಕಲಕುವುದು 1950ರ ದಶಕದ ಭಾಗ. ಹೆದ್ದಾರಿಗಳು ಹಾವಿನಂತೆ ಸುತ್ತಿ ಮೆಕ್ಸಿಕನ್ ಸಂಸಾರವೊಂದನ್ನು ಸೀಳುತ್ತವೆ. ಚಾವೆಸ್ ರವೀನ್ ಎಂಬ ಕೇರಿಯ ಮೇಲೆ ಬೇಸ್‌ಬಾಲ್ ಕ್ರೀಡಾಂಗಣ ಹಾರುವ ತಟ್ಟೆಯಂತೆ ಇಳಿಯುತ್ತದೆ. ಆ ಮನೆಗಳನ್ನು ನಿಜಕ್ಕೂ ಒಕ್ಕಲೆಬ್ಬಿಸಲಾಗಿತ್ತು. ಕೇರಿಯನ್ನು ಸೀಳಿದ್ದೂ ಹೊಳೆಯನ್ನು ಮುಚ್ಚಿದ್ದೂ ಒಂದೇ ಕಾಂಕ್ರೀಟು. ಈ ಚಿತ್ರವನ್ನು ಬೇರೆ ಗೋಡೆಗೆ ಸಾಗಿಸಿದರೆ ಅರ್ಧ ಅರ್ಥ ಇಲ್ಲೇ ಉಳಿದುಬಿಡುತ್ತದೆ.

ಬಿಸಿಲಿಗೆ ಮಾಸಿದ್ದ ಬಣ್ಣಗಳನ್ನು 2011ರಲ್ಲಿ ಸರಿಪಡಿಸಲಾಯಿತು. 2023ರಲ್ಲಿ ನಗರದ ದೊಡ್ಡ ಕಲಾ ಸಂಗ್ರಹಾಲಯವೇ ಬಾಕಾ ಅವರಿಗೆ ಜಾಗ ಕೊಟ್ಟಿತು. 1960ರ ದಶಕದ ಮುಂದಿನ ಕಥೆಯನ್ನು ಅವರ ತಂಡ ಅಲ್ಲಿ ಪ್ರೇಕ್ಷಕರೆದುರೇ ಬರೆಯಿತು.