ಮುಂಬಯಿಗೆ ಬರುವ ದಾರಿಗಳು

“ಮುಂಬಯಿಗೆ ಹೇಗೆ ಬರುವುದು?” ಎಂದು ಊರಿನಿಂದ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿಲ್ಲ. ಕಲಬುರ್ಗಿಯವರ ದಾರಿ ಬೇರೆ, ಧಾರವಾಡದವರದು ಬೇರೆ, ಉಡುಪಿಯವರದು ಬೇರೆ. ಒಂದೇ ನುಡಿಯಾಡುವ ನಾವು ಮೂರು ಬಾಗಿಲುಗಳಿಂದ ಈ ಮಹಾನಗರವನ್ನು ಹೊಕ್ಕವರು. ಹೊಕ್ಕ ಬಾಗಿಲು ಎಂಥದೋ, ಊರಿನೊಡನೆ ನಮ್ಮ ಹೋಗು-ಬರವೂ ಅಂಥದೇ ಆಯಿತು.

ಮೊದಲನೆಯದು ಸೊಲ್ಲಾಪುರದ ಬಾಗಿಲು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಅದೇ ಹಳಿ ಘಟ್ಟ ಹತ್ತಿ, ಪುಣೆ, ಸೊಲ್ಲಾಪುರ, ಕಲಬುರ್ಗಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಹಾಗಾಗಿ ಆ ಸೀಮೆಯ ನಮ್ಮವರಿಗೆ ಮುಂಬಯಿ ಎಂದಿನಿಂದಲೂ ಒಂದು ರಾತ್ರಿಯ ಹಾದಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಬರುವುದೂ ಈ ದಾರಿಯಿಂದಲೇ. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಹಿಡಿಯುವುದರಿಂದ ಬುತ್ತಿ ದೊಡ್ಡದೇ ಇರಲಿ.

ಎರಡನೆಯದು ಬೆಳಗಾವಿಯ ಬಾಗಿಲು. ಇಲ್ಲಿ ಬಹುಕಾಲ ಮೀಟರ್ ಗೇಜು. ಹುಬ್ಬಳ್ಳಿಯಿಂದ ಹೊರಟವರು ಮೊದಮೊದಲು ಪುಣೆಯಲ್ಲಿ, ಅನಂತರದ ವರ್ಷಗಳಲ್ಲಿ ಮೀರಜಿನಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಟ್ರಂಕು, ಹಾಸಿಗೆಯ ಸುರುಳಿ, ರೊಟ್ಟಿಯ ಗಂಟು, ನಿದ್ದೆಗಣ್ಣಿನ ಮಕ್ಕಳು, ಎಲ್ಲವನ್ನೂ ಎಣಿಸಿಕೊಂಡು ಇನ್ನೊಂದು ಗಾಡಿ ಹತ್ತುವ ಸಂಭ್ರಮವನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಈಗ ಹಳಿ ಅಗಲವಾಗಿದೆ, ನೇರ ಗಾಡಿಗಳಿವೆ. ರಾತ್ರಿಯ ಬಸ್ಸುಗಳೂ ಬೇಕಾದಷ್ಟು. ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಸಾತಾರದ ಹೆದ್ದಾರಿಯಲ್ಲಿ ಪುಣೆಗೆ ಬಂದರೆ, ಮುಂದಕ್ಕೆ 2002ರಲ್ಲಿ ಪೂರ್ತಿಯಾದ ಎಕ್ಸ್‌ಪ್ರೆಸ್ ರಸ್ತೆ ಇದೆ. ಬಸ್ಸು ಮನೆಯ ಹತ್ತಿರಕ್ಕೇ ತಂದು ಇಳಿಸೀತು. ಆದರೆ ಪದೇ ಪದೇ ಎದ್ದು ಹೋಗಬೇಕಾದ ವೃದ್ಧರಿಗೂ ಎಳೆಮಕ್ಕಳ ತಾಯಂದಿರಿಗೂ ಅದು ಹೇಳಿದ ಪ್ರಯಾಣವಲ್ಲ.

ಮೂರನೆಯ ಬಾಗಿಲು ಕರಾವಳಿಯದು. ಬಹುಕಾಲ ಅರ್ಧ ಮುಚ್ಚಿಯೇ ಇದ್ದದ್ದು. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು ನಿಜ. ಆದರೆ ಅದರ ಮುಖ ಮದರಾಸಿನ ಕಡೆಗೆ. ಮುಂಬಯಿಗೆ ಬರುವವರಿಗೆ ಇದ್ದದ್ದು ಆಗಬೋಟು. ಹೋಟೆಲಿನ ಕೆಲಸ ಅರಸಿ ಬಂದ ಎಷ್ಟೋ ಹುಡುಗರು ಅದರಲ್ಲೇ ಬಂದು ಧಕ್ಕೆಯಲ್ಲಿ ಇಳಿದರು. ಮಳೆಗಾಲ ಹಿಡಿಯಿತೆಂದರೆ ಕಡಲಿನ ದಾರಿ ಬಂದ್. ಬಜ್ಪೆಯಲ್ಲಿ 1951ರಲ್ಲಿ ವಿಮಾನ ಇಳಿದರೂ ಅದು ದುಡ್ಡಿದ್ದವರ ಮಾತು. ಹಡಗು ತಪ್ಪಿದ ಮೇಲೆ ಬಸ್ಸು ಬಂತು. ಘಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ಮೈಯೆಲ್ಲ ನುಗ್ಗಾಗುತ್ತಿತ್ತು. ಮೈನೋವು ದೊಡ್ಡದಲ್ಲ. “ತಂದೆಗೆ ಕಾಯಿಲೆ, ಹೊರಟು ಬಾ” ಎಂದು ತಂತಿ ಬಂದಾಗ ಊರು ಮುಟ್ಟುವ ಹೊತ್ತಿಗೆ ಎಲ್ಲವೂ ಮುಗಿದಿದ್ದ ಮನೆಗಳು ನಮ್ಮಲ್ಲಿ ಒಂದೆರಡಲ್ಲ.

ಆ ಬಾಗಿಲು ಪೂರ್ತಿ ತೆರೆದದ್ದು 1998ರಲ್ಲಿ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ಮುಂದಾಳಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಕೊಂಕಣ ರೈಲ್ವೆಗೆ ಚಾಲನೆ ದೊರೆಯಿತು, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಕೆಲಸ ನಡೆಯಿತು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರ್. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿಲೋಮೀಟರಿಗೂ ಮಿಗಿಲು. ಮಧ್ಯಾಹ್ನ ಮಂಗಳೂರಿನಲ್ಲಿ ಮತ್ಸ್ಯಗಂಧ ಹತ್ತಿದವರು ಮರುದಿನ ಬೆಳಗಿನಲ್ಲಿ ಮುಂಬಯಿಯಲ್ಲಿರುತ್ತಾರೆ. ಮಳೆಗಾಲದಲ್ಲಿ ಮಾತ್ರ ಈ ಹಳಿಯಲ್ಲಿ ವೇಗ ಕಡಿಮೆ, ವೇಳಾಪಟ್ಟಿಯೂ ಬೇರೆ, ನೋಡಿಕೊಂಡೇ ಹೊರಡತಕ್ಕದ್ದು.

ಇನ್ನು ಕೆಲವು ವ್ಯವಹಾರದ ಮಾತುಗಳು. ರೈಲಿನ ಮುಂಗಡ ಟಿಕೆಟು 2024ರ ನವೆಂಬರಿನಿಂದ 60 ದಿನ ಮೊದಲು ಸಿಗುತ್ತದೆ. ಹಬ್ಬ, ಮದುವೆಗಳಿದ್ದರೆ ಆ ದಿನವನ್ನೇ ಕಾದಿರಬೇಕು. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತುಗಳಲ್ಲಿ ಮೀಸಲು ಉಂಟು. ಟಿಕೆಟು ತೆಗೆಯುವಾಗ ವಯಸ್ಸನ್ನು ಸರಿಯಾಗಿ ಬರೆಸಿ. ಕರಾವಳಿಯಿಂದ ಬರುವವರನ್ನು ಕಡೆಯ ನಿಲ್ದಾಣದವರೆಗೆ ಬರಹೇಳುವ ಅಗತ್ಯವಿಲ್ಲ. ನವಿಮುಂಬಯಿಯವರಿಗೆ ಪನವೇಲು, ಡೊಂಬಿವಲಿ-ಕಲ್ಯಾಣದವರಿಗೆ ಠಾಣೆ ಹತ್ತಿರ. ವಿಮಾನದಲ್ಲಿ ಬರುವವರಾದರೆ ಯಾವ ನಿಲ್ದಾಣವೆಂದು ಮೊದಲೇ ಕೇಳಿಕೊಳ್ಳಿ. 2025ರಲ್ಲಿ ನವಿಮುಂಬಯಿಯಲ್ಲೂ ಒಂದು ಉದ್ಘಾಟನೆಯಾಗಿದೆ. ತುರ್ತಿಗೆ ವಿಮಾನಕ್ಕೆ ಸಮನಿಲ್ಲ. ಆದರೆ ಮೊದಲ ಸಲ ಒಬ್ಬರೇ ಹೊರಟ ಹಿರಿಯರಿಗೆ ರೈಲೇ ಮೇಲು: ಎದುರು ಸೀಟಿನಲ್ಲಿ ನಮ್ಮ ಮಾತಾಡುವವರು ಯಾರಾದರೂ ಸಿಗುತ್ತಾರೆ, ಮಲಗಲು ಜಾಗವಿರುತ್ತದೆ.

ಒಟ್ಟಿನಲ್ಲಿ, ದರವನ್ನೋ ಗಂಟೆಯನ್ನೋ ನೋಡಿ ದಾರಿ ಆರಿಸುವುದಕ್ಕಿಂತ ಬರುವವರು ಯಾರೆಂದು ನೋಡಿ ಆರಿಸುವುದು ಲೇಸು. “ಅಷ್ಟು ದೂರ ನನ್ನಿಂದಾಗದಪ್ಪ” ಎನ್ನುವ ತಾಯಿಗೆ ಹಳೆಯ ಮುಂಬಯಿಯ ದೂರವೇ ಇನ್ನೂ ಮನಸ್ಸಿನಲ್ಲಿದೆ. ದಾರಿ ಹತ್ತಿರವಾದದ್ದನ್ನು ನಾವೇ ಅವರಿಗೆ ತಿಳಿಸಿಹೇಳಬೇಕು. ಸಾಧ್ಯವಾದರೆ ಒಂದು ಸಲ ಹೋಗಿ ಜೊತೆಯಲ್ಲೇ ಕರೆತರಬೇಕು. ಹಳಿ ಹಾಕುವವರು ಹಾಕಿಯಾಯಿತು. ಉಳಿದ ಕೆಲಸ ನಮ್ಮದು.