ಚಳಿಗಾಲದ ಊಟವೂ ಗೃಹಿಣಿಯ ತಟ್ಟೆಯೂ

ಮಾರ್ಗಶಿರವು ಕಾಲಿಟ್ಟಿತೆಂದರೆ ನಮ್ಮ ರಾಯಲ್ಪಾಡಿನ ಸೀಮೆಯಲ್ಲಿ ಹಸಿವಿನ ಲೆಕ್ಕವೇ ಬೇರೆಯಾಗುವುದು. ಬೇಸಗೆಯಲ್ಲಿ ಅರ್ಧ ಮುದ್ದೆಗೇ ಸಾಕೆನ್ನುತ್ತಿದ್ದವರು ಈಗ ಎರಡನೆಯದಕ್ಕೆ ಕೈ ನೀಡುವರು. ಇದು ಬರಿಯ ನಾಲಗೆಯ ಚಾಪಲ್ಯವಲ್ಲ. ಹೊರಗಿನ ಶೀತದಿಂದ ತಡೆಯಲ್ಪಟ್ಟ ಜಠರಾಗ್ನಿಯು ಹೇಮಂತದಲ್ಲಿ ಬಲಗೊಳ್ಳುವುದೆಂದೂ, ತಕ್ಕ ಇಂಧನ ದೊರೆಯದಿದ್ದರೆ ದೇಹದ ರಸವನ್ನೇ ಅದು ದಹಿಸುವುದೆಂದೂ ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯದಲ್ಲಿ ಹೇಳಿದೆ. ಆದುದರಿಂದಲೇ ಈ ಋತುವಿನಲ್ಲಿ ಜಿಡ್ಡುಳ್ಳ ಆಹಾರ, ಹಾಲು, ಬೆಲ್ಲ, ಎಣ್ಣೆ, ಹೊಸ ಅಕ್ಕಿಯ ಅನ್ನ, ಬಿಸಿನೀರು ಹಿತವೆಂದೂ, ಮಿತಿಮೀರಿ ಕಡಿಮೆ ಉಣ್ಣುವುದು ಅಹಿತವೆಂದೂ ಅಲ್ಲಿ ವಿಧಿಸಿರುತ್ತಾರೆ.

ಈ ವಿಧಿಯನ್ನು ನಡೆಸಲು ನಾವು ದೂರ ಹೋಗಬೇಕಾದುದಿಲ್ಲ. ಹೊಲದಿಂದ ಹೊಸ ರಾಗಿ ಬರುವ ಕಾಲವಿದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ವವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. ಇಬ್ಬನಿ ಬಿದ್ದು ಸೊಗಡೇರಿದ ಅವರೆಕಾಯಿ ಬಂದರಂತೂ ಮನೆಯೇ ಘಮಘಮಿಸುವುದು. ಕಾಳನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಒಂದೊಂದನ್ನೇ ಹಿದುಕಿ ಸಿಪ್ಪೆ ಬಿಡಿಸಿ ಮಾಡಿದ ಹಿದುಕಿದ ಬೇಳೆಯ ಸಾರನ್ನು ನೆರೆಯ ತೆಲುಗು ಮನೆಗಳವರು ಪಿತಿಕಿನ ಪಪ್ಪು ಎನ್ನುವರು. ಹೆಸರು ಎರಡು, ರುಚಿ ಒಂದೇ. ಅವರೆಯು ವಾಯುಕಾರಕವೆಂದು ವೈದ್ಯರು ಎಣಿಸುವುದರಿಂದ ನಮ್ಮ ಹಿರಿಯರು ಶುಂಠಿ, ಬೆಳ್ಳುಳ್ಳಿ, ಇಂಗು, ಮೆಣಸುಗಳನ್ನು ಅದರ ಜೊತೆಗೂಡಿಸಿದರು. ಧನುರ್ಮಾಸದ ಹುಗ್ಗಿಗೆ ಮೆಣಸು, ಜೀರಿಗೆ, ತುಪ್ಪ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ. ಹಬ್ಬದ ಹೆಸರಿನಲ್ಲಿ ಋತುಚರ್ಯೆಯೇ ನಡೆಯುತ್ತಿರುವುದು.

ಚೀನದೇಶದವರ ಆಲೋಚನೆಯೂ ಇದಕ್ಕೆ ದೂರವಲ್ಲ. ಚಳಿಯ ಮೂರು ತಿಂಗಳು ಬೇಗ ಮಲಗಿ, ಬಿಸಿಲು ಮೂಡಿದ ಮೇಲೆ ಏಳಬೇಕೆಂದು ಅವರ ಪುರಾತನ ವೈದ್ಯಗ್ರಂಥವಾದ ಹುವಾಂಗ್‌ದಿ ನೈಜಿಂಗ್ ಹೇಳುವುದು. ಸುಮಾರು 1,800 ವರ್ಷಗಳ ಹಿಂದೆ ಇದ್ದ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯನು ಕುರಿಮಾಂಸ, ಶುಂಠಿ ಮತ್ತು ಒಂದು ಬೇರನ್ನು ಕುದಿಸಿದ ಸಾರನ್ನು ವಿಧಿಸಿದನು. ಚೀನೀಯರು ಇಂದಿಗೂ ಅದನ್ನು ಚಳಿಗಾಲದಲ್ಲಿ ಮಾಡಿ ಕುಡಿಯುತ್ತಾರೆ. ನಮಗೆ ಮೆಚ್ಚಿಕೆಯಾದುದೇನೆಂದರೆ, ಹೆರಿಗೆಯಾದ ಸ್ತ್ರೀಯರ ಹೊಟ್ಟೆನೋವಿಗೂ ಆತನು ಇದೇ ಸಾರನ್ನು ಹೇಳಿದ್ದಾನೆ. ದಣಿದ ಹೆಣ್ಣುಮಗಳಿಗೆ ಬಿಸಿಯಾದ ಪುಷ್ಟಿಯ ಆಹಾರ ಸಲ್ಲಬೇಕೆಂಬುದನ್ನು ಆತನು ಮರೆಯಲಿಲ್ಲ.

ನಾವಾದರೋ ಅದನ್ನೇ ಮರೆತಿದ್ದೇವೆ. ನಡುಗುವ ಬೆಳಗಿನಲ್ಲಿ ತಣ್ಣೀರಿಗೆ ಕೈಯಿಟ್ಟು ಅವರೆ ಹಿದುಕುವವರು ಯಾರು? ಹೊಗೆಯ ನಡುವೆ ಮುದ್ದೆ ತಿರುವುವವರು ಯಾರು? ಗಂಡಸರು, ಮಕ್ಕಳು, ಬಂದವರು ಎಲ್ಲರೂ ಉಂಡೆದ್ದ ಮೇಲೆ ಆಕೆಯ ಪಾಲಿಗೆ ಆರಿ ಗಟ್ಟಿಯಾದ ಮುದ್ದೆಯೂ ತಳದ ಸಾರೂ ಉಳಿಯುವುವು. ಅದರ ಮೇಲೆ ಏಕಾದಶಿ, ಸೋಮವಾರಗಳ ಉಪವಾಸ ಬೇರೆ. ಶಾಸ್ತ್ರವು ಬೇಡವೆಂದ ಅಲ್ಪಾಹಾರವನ್ನು ಮನೆಯ ಅನ್ನಪೂರ್ಣೆಯೇ ಆಚರಿಸುತ್ತಿರುವಳು! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಕಾರಣಗಳು ಹಲವಿರಬಹುದು, ತಟ್ಟೆಯೂ ಅವುಗಳಲ್ಲೊಂದು.

ಆದುದರಿಂದ ವಾಚಕ ಮಹಾಶಯರಲ್ಲಿಯೂ ಸೋದರಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಈ ಹೇಮಂತದಲ್ಲಿ ಅವರೆಯ ಮೊರವನ್ನು ಮನೆಯವರೆಲ್ಲರ ನಡುವೆ ಇಡಿರಿ. ಗಂಡುಮಕ್ಕಳ ಬೆರಳಿಗೂ ಹಿದುಕುವುದು ಬರುವುದು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಆಗದಿದ್ದರೆ ಬಡಿಸುವಾಕೆಯ ಪಾಲನ್ನು ಮೊದಲೇ ತೆಗೆದು, ಮುಚ್ಚಿ, ಒಲೆಯ ಬದಿಯಲ್ಲಿ ಬೆಚ್ಚಗಿಡಿರಿ. ಬಸುರಿ ಬಾಣಂತಿಯರು ಉಪವಾಸದ ಗೊಡವೆಗೆ ಹೋಗದಿರಲಿ. ಸಿಹಿಮೂತ್ರ, ರಕ್ತದೊತ್ತಡವುಳ್ಳವರು ಬೆಲ್ಲ, ಉಪ್ಪು, ತುಪ್ಪಗಳ ವಿಷಯದಲ್ಲಿ ವೈದ್ಯರ ಮಾತನ್ನು ಮೀರದಿರಲಿ. ಋತುವು ಎಲ್ಲರ ಜಠರಕ್ಕೂ ಒಂದೇ ಬಗೆಯ ಬೆಂಕಿಯನ್ನಿಟ್ಟಿದೆ. ಮನೆಯವರಿಗಾಗಿ ಒಲೆ ಉರಿಸುವವಳ ಒಡಲಿನ ಒಲೆಗೂ ಸೌದೆ ಬೇಕು.